ಹೊತ್ತು ತಂದ ಕಡಲು

"ಕಾಕಾ, ನಮ್ಮ ಹಿರೇಬೆಂಡಿಗೇರಿ ಮನ್ಯಾಗ ಸಮುದ್ರ ಇಡಾಕ ಬರ್ತೈತೇನು?" ಎಂದು ಅಣ್ಣನ ಮಗ ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದ. ಅಲ್ಲಿನ ಬಾಡಿಗೆ ಮನೆಯಲ್ಲಿ ಅವನು ಎರಡಡಿ ಉದ್ದದ ಉಪ್ಪುನೀರಿನ ಟ್ಯಾಂಕು ಇಟ್ಟುಕೊಂಡಿದ್ದಾನೆ. ಅದರಲ್ಲಿರುವುದು ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು. ಈಗ ಯಾರೋ ಹೊರದೇಶಕ್ಕೆ ಹೊರಟವರು ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕನ್ನು ಪಂಪು, ದೀಪ, ಕಲ್ಲು, ಕಲ್ಲಿನ ಮೇಲೆ ಬೆಳೆದ ಹವಳದ ಸಮೇತ ಮಾರುತ್ತಿದ್ದರು. ಅಷ್ಟು ದೊಡ್ಡದರಲ್ಲಿ ಐನೂರ ಅರವತ್ತು ಲೀಟರಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಗಾಜು, ಕಬ್ಬಿಣದ ಸ್ಟ್ಯಾಂಡು, ಕಲ್ಲು ಎಲ್ಲ ಸೇರಿದರೆ ಮುಕ್ಕಾಲು ಟನ್ನಿನ ಹತ್ತಿರ. ಮೂರನೆಯ ಮಹಡಿಯ ಬಾಡಿಗೆ ಕೋಣೆಗೆ ಅದು ಭಾರ. ಊರಿನ ಪಡಸಾಲೆಯ ಕಲ್ಲುಹಾಸಿಗಾದರೆ ಚಿಂತೆಯಿಲ್ಲ ಎಂಬುದು ಅವನ ಲೆಕ್ಕ.

ಮೀನು ಸಾಕುವುದು ನನಗೆ ಗೊತ್ತಿಲ್ಲ. ಹಳೆಯ ಸಂಗತಿಗಳನ್ನು ಹುಡುಕಿ ಓದುವ ಚಟ ಮಾತ್ರ ಇದೆ. ಅವನ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ತಿಳಿದದ್ದೆಂದರೆ, ಅವನು ಕೇಳುತ್ತಿದ್ದ ಒಂದೊಂದು ಪ್ರಶ್ನೆಯನ್ನೂ ನೂರೆಪ್ಪತ್ತು ವರ್ಷಗಳ ಹಿಂದೆಯೇ ಯಾರೋ ಕೇಳಿದ್ದರು. ನೀರು ಎಲ್ಲಿಂದ, ಉಪ್ಪು ಯಾವುದು, ಕೊಳೆ ಎಲ್ಲಿ ಹೋಗಬೇಕು, ಹವಳ ಯಾಕೆ ಸಾಯುತ್ತದೆ ಎಂಬ ಪ್ರಶ್ನೆಗಳೆಲ್ಲ ಹಳೆಯವೇ. ಮನೆಯೊಳಗಿನ ಈ ಕಡಲನ್ನು ದಿನವೂ ಹೊರುವವರು ಯಾರು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಕೇಳಿರಲಿಲ್ಲ. ಈ ಬರಹ ಅದರ ಸುತ್ತ.

ಹಿರೇಬೆಂಡಿಗೇರಿ ಶಿಗ್ಗಾವಿ ತಾಲ್ಲೂಕಿನ ಊರು. ಅರಬ್ಬಿ ಸಮುದ್ರ ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಸಹ್ಯಾದ್ರಿ. ನಮ್ಮ ಸೀಮೆಯ ವರದಾ ನದಿ ಆ ಕಡಲಿಗೆ ಬೆನ್ನು ಹಾಕಿ ಮೂಡಲಿಗೆ ಹರಿದು, ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೀಗೆ ಹತ್ತಿರದ ಕಡಲಿಗೂ ನಮಗೂ ನೀರಿನ ನಂಟಿಲ್ಲ, ಇದ್ದದ್ದು ಉಪ್ಪಿನ ನಂಟು. ರೈಲು ಬರುವ ಮೊದಲು ಕರಾವಳಿಯ ಉಪ್ಪು ಘಟ್ಟ ಹತ್ತುತ್ತಿದ್ದದ್ದು ಲಂಬಾಣಿಗರ ಹೇರೆತ್ತುಗಳ ಬೆನ್ನಿನ ಮೇಲೆ. ಹಿಂದಿರುಗುವಾಗ ಎತ್ತುಗಳು ಬಯಲುಸೀಮೆಯ ಕಾಳುಕಡಿ ಹೊರುತ್ತಿದ್ದವು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿದ್ದರಿಂದ ವಿಲಾಯತಿಯ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು.

ಗೋಕರ್ಣದ ಹತ್ತಿರ, ಅಘನಾಶಿನಿಯ ಅಳಿವೆಯಲ್ಲಿರುವ ಸಾಣಿಕಟ್ಟಾದಲ್ಲಿ ಇಂದಿಗೂ ಗದ್ದೆಗೆ ನೀರು ಕಟ್ಟಿ ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಹಾಗಾದರೆ ಆ ಉಪ್ಪನ್ನು ನಮ್ಮೂರ ಬಾವಿಯ ನೀರಿಗೆ ಕಲಸಿದರೆ ಕಡಲು ಆಗುತ್ತದೆಯೇ? ಆಗುವುದಿಲ್ಲ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ, ಆದರೆ ಅದೆಲ್ಲ ಅಡುಗೆಯ ಉಪ್ಪಲ್ಲ. ಬಿಸಿಲಿಗೆ ನೀರು ಆರುತ್ತ ಹೋದಂತೆ ಸುಣ್ಣದ ಅಂಶ ಮೊದಲೇ ಹರಳುಗಟ್ಟಿ ತಳ ಸೇರುತ್ತದೆ. ಆಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಸಿಯಮ್, ಪೊಟ್ಯಾಸಿಯಮ್ ಲವಣಗಳು ಕೊನೆಯ ಕಹಿ ನೀರಿನಲ್ಲಿ ಉಳಿದುಬಿಡುತ್ತವೆ. ಎತ್ತುಗಳ ಮೇಲೆ ಘಟ್ಟ ಹತ್ತಿದ್ದು ಕಡಲಿನ ಒಂದು ಭಾಗ ಮಾತ್ರ. ಹವಳಕ್ಕೆ ಬೇಕಾದದ್ದು ಉಳಿದ ಭಾಗವೂ ಹೌದು.

ಕಡಲಿನ ಜೀವಿಗಳನ್ನು ಗಾಜಿನೊಳಗಿಟ್ಟು ನೋಡಿದವರಲ್ಲಿ ಮೊದಲಿಗೆ ಹೇಳಬೇಕಾದ ಹೆಸರು ಜೇನ್ ವಿಲ್‌ಪ್ರೂ-ಪವರ್. ಫ್ರಾನ್ಸಿನಲ್ಲಿ 1794ರಲ್ಲಿ ಹುಟ್ಟಿದ ಈಕೆ ಪ್ಯಾರಿಸಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಣ್ಣುಮಗಳು. ಮದುವೆಯಾಗಿ ಸಿಸಿಲಿಯ ಮೆಸ್ಸಿನಾಕ್ಕೆ ಬಂದ ಮೇಲೆ ಕಡಲ ಜೀವಿಗಳ ಅಧ್ಯಯನಕ್ಕೆ ಇಳಿದಳು. ಆರ್ಗೊನಾಟ್ ಎಂಬ ಎಂಟು ತೋಳಿನ ಜೀವಿ ತನ್ನ ತೆಳು ಚಿಪ್ಪನ್ನು ತಾನೇ ಕಟ್ಟುತ್ತದೆಯೋ, ಬೇರೆಯವರ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆಯೋ ಎಂಬುದು ಆಗ ವಿದ್ವಾಂಸರಲ್ಲಿ ದೊಡ್ಡ ಜಗಳ. 1832ರ ಸುಮಾರಿಗೆ ಆಕೆ ಗಾಜಿನ ತೊಟ್ಟಿ ಮಾಡಿಸಿ, ಜೀವಂತ ಆರ್ಗೊನಾಟ್‌ಗಳನ್ನು ಅದರಲ್ಲಿಟ್ಟು, ಚಿಪ್ಪು ಅದರದೇ ಎಂದು ತೋರಿಸಿಕೊಟ್ಟಳು. ಆಕೆಯ ಮನೆಯ ಪಕ್ಕದಲ್ಲೇ ಕಡಲಿತ್ತು, ನೀರು ಬದಲಿಸುವುದು ಕಷ್ಟವಿರಲಿಲ್ಲ. ನಿಜವಾದ ತೊಡಕು ಶುರುವಾದದ್ದು ಕಡಲಿಲ್ಲದ ಊರಿಗೆ ಕಡಲನ್ನು ಒಯ್ದವರಿಗೆ.

ಆನಾ ಥಿನ್ ಎಂಬ ಇಂಗ್ಲಿಷ್ ಹೆಣ್ಣುಮಗಳು 1846ರಲ್ಲಿ ಟಾರ್ಕಿ ಎಂಬ ಕಡಲತೀರದ ಊರಿಗೆ ಹೋಗಿದ್ದಾಗ ಕಲ್ಲುಹವಳಗಳನ್ನು ಕಂಡು ಮನಸೋತು, ಕಲ್ಲಿನ ಜಾಡಿಯೊಂದರಲ್ಲಿ ಲಂಡನ್ನಿಗೆ ತಂದಳು. ಮನೆಯೊಳಗೆ ಹವಳ ಸಾಕಿದ ಕಥೆಗಳಲ್ಲಿ ಇದು ಮೊದಲನೆಯದು. ಪ್ರತಿಸಲವೂ ತೀರದಿಂದ ಹೊಸ ನೀರು ತರಿಸುವುದು ಆಗದ ಮಾತು. ಇದ್ದ ನೀರಿಗೇ ಗಾಳಿ ಸೇರಿಸಬೇಕು ಎಂದು ಆಕೆಗೆ ಹೊಳೆಯಿತು. ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಎತ್ತಿ ಸುರಿಯುವುದು, ಮತ್ತೆ ಹಿಂದಕ್ಕೆ ಸುರಿಯುವುದು, ಅರ್ಧ ಮುಕ್ಕಾಲು ಗಂಟೆ. ಈ ಕೆಲಸ ಮಾಡಿದ್ದು ಆಕೆಯಲ್ಲ, ಮನೆಗೆಲಸದ ಹುಡುಗಿ. ದಣಿವಿನ ಕೆಲಸವೇ ಆದರೂ ಹುಡುಗಿಗೆ ಅದು ಆಟದಂತಿತ್ತು ಎಂದು ಆನಾ ಥಿನ್ ಮುಂದೆ ಬರೆದಳು. ಹುಡುಗಿಗೆ ಹಾಗೆ ಅನಿಸಿತ್ತೇ ಎಂಬುದನ್ನು ನಾವು ಒಡತಿಯ ಮಾತಿನಿಂದಷ್ಟೇ ತಿಳಿಯಬೇಕು. 1847ರಲ್ಲಿ ಆಕೆ ನೀರಿಗೆ ಕಡಲಪಾಚಿಯನ್ನೂ ಸೇರಿಸಿದಳು. ಹವಳಗಳು ವರ್ಷಗಟ್ಟಲೆ ಬದುಕಿದವು. ಇಂದು ಟ್ಯಾಂಕಿನ ಮೂಲೆಯಲ್ಲಿ ಗುಂಯ್‌ಗುಡುವ ಪಂಪು ಮಾಡುವುದು ಆ ಹುಡುಗಿಯ ಕೆಲಸವನ್ನೇ.

ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಈ ಗುಟ್ಟಿಗೆ ಲೆಕ್ಕ ಕೊಟ್ಟ. ಮೀನು ಉಸಿರಾಡಿ ಬಿಟ್ಟದ್ದನ್ನು ಗಿಡ ಹೀರುತ್ತದೆ, ಗಿಡ ಬಿಟ್ಟದ್ದನ್ನು ಮೀನು ಉಸಿರಾಡುತ್ತದೆ, ಕೊಳೆತದ್ದನ್ನು ಬಸವನಹುಳು ತಿನ್ನುತ್ತದೆ. ಈ ತೂಕ ಸರಿಯಿದ್ದರೆ ನೀರು ಬದಲಿಸಬೇಕಿಲ್ಲ. ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞ ಇದನ್ನು ಜನರ ಬಳಿಗೆ ಒಯ್ದ. ಅವನ ನೆರವಿನಿಂದ 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಬಂದ ಅವನ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು. ಅಡುಗೆ ಉಪ್ಪಿನ ಜೊತೆ ಎಪ್ಸಮ್ ಲವಣ, ಮೆಗ್ನೀಸಿಯಮ್ ಕ್ಲೋರೈಡ್, ಪೊಟ್ಯಾಸಿಯಮ್ ಕ್ಲೋರೈಡ್ ಬೆರೆಸಿ ಕಡಲಿನ ನೀರನ್ನು ಮನೆಯಲ್ಲೇ ಮಾಡುವ ಬಗೆಯನ್ನೂ ಅವನು ಅದೇ ವರ್ಷ ಪ್ರಕಟಿಸಿದ. ನಮ್ಮ ಎತ್ತುಗಳು ಬಿಟ್ಟುಬಂದ ಕಹಿ ನೀರಿನ ಪಾಲು ಅದರಲ್ಲಿತ್ತು. 1960ರ ದಶಕದಿಂದ ಇಂಥ ಮಿಶ್ರಣ ಚೀಲ, ಡಬ್ಬಗಳಲ್ಲಿ ಸಿದ್ಧವಾಗಿ ಸಿಗತೊಡಗಿತು. ಐದಡಿ ಟ್ಯಾಂಕಿಗೆ ಒಮ್ಮೆಗೆ ಅಂಥದ್ದು ಇಪ್ಪತ್ತು ಕಿಲೋ ಬೇಕು.

ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ಹೋಗಿತ್ತು, ರೈಲು ಜನರನ್ನು ಕಡಲತೀರಕ್ಕೆ ಒಯ್ಯುತ್ತಿತ್ತು. ಅನುಕೂಲಸ್ಥರ ಮನೆಮನೆಗೂ ಉಪ್ಪುನೀರಿನ ತೊಟ್ಟಿ ಬಂದಿತು. ಹುಚ್ಚು ಹತ್ತು ವರ್ಷ ತುಂಬುವ ಮೊದಲೇ ಇಳಿಯತೊಡಗಿತು. ಹತ್ತರಲ್ಲಿ ಒಂಬತ್ತು ತೊಟ್ಟಿಗಳು ಮೂಲೆ ಸೇರಿದವೆಂದು ಜೆ. ಜಿ. ವುಡ್ ಎಂಬ ಲೇಖಕ 1868ರಲ್ಲಿ ಬರೆದ. ಅಂದರೆ ಕೈಬದಲಾಗುವ ಟ್ಯಾಂಕಿನ ಕಥೆ ಟ್ಯಾಂಕಿನಷ್ಟೇ ಹಳೆಯದು. ಇಂದೂ ಸೆಕೆಂಡ್‌ಹ್ಯಾಂಡ್ ಟ್ಯಾಂಕಿನ ಹಿಂದೆ ಹೆಚ್ಚಾಗಿ ಇರುವುದು ಒಬ್ಬರ ವರ್ಗಾವಣೆ, ಒಂದು ಹೆರಿಗೆ, ಒಂದು ಕರೆಂಟ್ ಬಿಲ್ಲು, ಇಲ್ಲವೇ ಬೇಸರ.

ಸುಮ್ಮನೆ ಬೇಸರವಾದದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ತೊಟ್ಟಿ ತುಂಬಿಸಲು ಜನ ಸುತ್ತಿಗೆ, ಉಳಿ, ಬುಟ್ಟಿ ಹಿಡಿದು ತೀರದ ಬಂಡೆಗಳಿಗೆ ನುಗ್ಗಿದ್ದರು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ತನ್ನ ಬಾಲ್ಯದ ಕಥನದಲ್ಲಿ, ತಾನು ಹುಡುಗನಾಗಿದ್ದಾಗ ಕಂಡ ಆ ತೀರದ ನೀರುಗುಂಡಿಗಳ ಚೆಲುವು ಈಗ ಉಳಿದಿಲ್ಲವೆಂದು ದುಃಖಿಸುತ್ತಾನೆ. ತನ್ನ ಪುಸ್ತಕಗಳೇ ಈ ಸೂರೆಗೆ ದಾರಿ ಮಾಡಿಕೊಟ್ಟವೆಂಬುದು ತಂದೆಗೂ ಬದುಕಿರುವಾಗಲೇ ಅರಿವಾಗಿ ನೋವಾಗಿತ್ತು ಎನ್ನುತ್ತಾನೆ. ಕಡಲನ್ನು ಪ್ರೀತಿಸಲು ಕಲಿಸಿದವನಿಂದಲೇ ಕಡಲತೀರ ಬರಿದಾಯಿತು. ಈ ಮಾತನ್ನು ಅಣ್ಣನ ಮಗನಿಗೆ ಓದಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

ತೊಟ್ಟಿಗಳು ಯಾಕೆ ಸೋತವು ಎಂಬುದಕ್ಕೆ ಉತ್ತರ ತಡವಾಗಿ ಬಂತು. ಮೀನಿನ ಹೊಲಸಿನಿಂದ ಬರುವ ಅಮೋನಿಯ ವಿಷ. ಅದನ್ನು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಗಳಿವೆ ಎಂದು ರಷ್ಯದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿದ. ಗದ್ದೆಯ ಮಣ್ಣನ್ನು ಕುರಿತು ಅವನು ಕಂಡದ್ದೇ ಟ್ಯಾಂಕಿಗೂ ನಿಜ. ಈ ಜೀವಿಗಳು ಇರುವುದು ನೀರಿಗಿಂತ ಹೆಚ್ಚಾಗಿ ಕಲ್ಲು, ಮರಳಿನ ಮೈಮೇಲೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ನಾಲ್ಕಾರು ವಾರ ಬೇಕು. ಹೊಲಕ್ಕೆ ಹದ ಬಂದ ಮೇಲೆ ಬಿತ್ತಬೇಕೆಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಟ್ಯಾಂಕು ಕೊಳ್ಳುವವರು ಗಾಜಿನ ಜೊತೆ ಕೊಳ್ಳುವುದು ಇಂಥ ಕಾಣದ ಆಸ್ತಿಯನ್ನು, ಕಾಣದ ಸಾಲವನ್ನೂ. ಒದ್ದೆಯಾಗಿಯೇ ತಂದ ಕಲ್ಲಿನಲ್ಲಿ ಬ್ಯಾಕ್ಟೀರಿಯ ಬದುಕಿ ಬರುತ್ತವೆ, ಒಣಗಿದರೆ ಸತ್ತು ತಾವೇ ಅಮೋನಿಯ ಆಗುತ್ತವೆ. ತಳದ ಹಳೆಯ ಮರಳನ್ನು ಕಲಕಿದರೆ ವರ್ಷಗಳ ಕೊಳೆಯೂ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವೂ ಮೇಲೇಳುತ್ತವೆ. ಮೊದಲಿನವರು ಮೀನಿನ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದರೆ ಅದು ಕಲ್ಲಿನಲ್ಲಿ ಇಳಿದು, ಮುಂದೆ ನಿಧಾನವಾಗಿ ಬಿಟ್ಟುಕೊಂಡು ಸಿಗಡಿಯನ್ನೂ ಹವಳವನ್ನೂ ಕೊಲ್ಲುತ್ತದೆ. ಗಾಜುಗಳನ್ನು ಹಿಡಿದಿಟ್ಟ ಸಿಲಿಕೋನ್ ಅಂಟಿಗೂ ವಯಸ್ಸಾಗುತ್ತದೆ. ಅದಕ್ಕೇ ಮೊದಲು ಹಿತ್ತಲಿನಲ್ಲಿಟ್ಟು ಸಿಹಿನೀರು ತುಂಬಿ, ಕೆಲವು ದಿನ ಸೋರುತ್ತದೆಯೇ ನೋಡಬೇಕು. ಮೊದಲು ಇಟ್ಟುಕೊಂಡವರು ಹೇಗೆ ಸಾಕಿದ್ದರು ಎಂದು ವಿಚಾರಿಸದೆ ಎತ್ತು ಕೊಳ್ಳುವುದಿಲ್ಲ, ಟ್ಯಾಂಕೂ ಹಾಗೆಯೇ.

ದೊಡ್ಡ ಟ್ಯಾಂಕು ಯಾಕೆ ಒಳ್ಳೆಯದು ಎಂಬುದನ್ನು ಮೊದಲು ಕಟ್ಟಿ ತೋರಿಸಿದವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಅಕ್ವೇರಿಯಂ ಸಾಮಾನಿನ ಅಂಗಡಿ ಇಟ್ಟಿದ್ದ ಈತ 1871ರಲ್ಲಿ ಕ್ರಿಸ್ಟಲ್ ಪ್ಯಾಲೆಸಿನ ದೊಡ್ಡ ಅಕ್ವೇರಿಯಂ ಕಟ್ಟಿದ. ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ನೀರನ್ನು ನೆಲದಡಿಯ ಕತ್ತಲ ಕೊಳದಲ್ಲಿಟ್ಟು, ಹಗಲಿರುಳು ಮೇಲೆ ಕೆಳಗೆ ಹರಿಸುತ್ತಿದ್ದ. ನೀರು ಹೆಚ್ಚಿದ್ದಷ್ಟು ತಪ್ಪಿಗೆ ಕ್ಷಮೆ ಹೆಚ್ಚು. ಇಂದಿನ ಟ್ಯಾಂಕಿನ ಕೆಳಗಿನ ಪೆಟ್ಟಿಗೆಗೆ ಹವ್ಯಾಸಿಗಳು ಕರೆಯುವ ಹೆಸರು ಸಂಪು. ನಮ್ಮ ಅಂಗಳದ ಕುಡಿಯುವ ನೀರಿನ ಸಂಪಿಗೂ ಅದೇ ಹೆಸರು, ಕೆಲಸವೂ ಹೆಚ್ಚುಕಡಿಮೆ ಅದೇ.

ಇಷ್ಟಾದರೂ ಉಷ್ಣವಲಯದ ಹವಳ ಮನೆಯಲ್ಲಿ ಬಾಳಿ ಬೆಳೆಯಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು. ದಾರಿ ತೋರಿಸಿದವನು ಯುರೋಪಿನವನಲ್ಲ, ಇಂಡೋನೇಷ್ಯದ ಲೀ ಚಿನ್ ಎಂಗ್. ಕಡಲಿನಿಂದ ತಂದ, ಜೀವಿಗಳು ಮೆತ್ತಿಕೊಂಡ ಬಂಡೆ, ಸೂರ್ಯನ ಬೆಳಕು, ಒಂದಿಷ್ಟು ಗಾಳಿಯ ಗುಳ್ಳೆ, ಇಷ್ಟೇ ಸಾಕೆಂದು 1961ರಲ್ಲಿ ಅವನು ಬರೆದ. ಮುಂದಿನ ಎರಡು ದಶಕಗಳಲ್ಲಿ ಜರ್ಮನಿಯ ಹವ್ಯಾಸಿಗಳು ಇದಕ್ಕೆ ಮೂರು ಸೇರಿಸಿದರು: ಜೋರಾದ ದೀಪ, ನೊರೆ ತೆಗೆಯುವ ಯಂತ್ರ, ಸುಣ್ಣದ ತಿಳಿನೀರು. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬಂದ ಕೊಳೆಯನ್ನು ಆಲೆಮನೆಯಲ್ಲಿ ಬಳಿದು ತೆಗೆಯುವುದನ್ನು ನೋಡಿದವರಿಗೆ ಆ ಯಂತ್ರ ಅರ್ಥವಾಗುತ್ತದೆ. ಸಣ್ಣ ಗುಳ್ಳೆಗಳನ್ನು ಎಬ್ಬಿಸಿ, ಅದಕ್ಕೆ ಅಂಟಿದ ಹೊಲಸನ್ನು ನೊರೆಯಾಗಿ ಹೊರಹಾಕುತ್ತದೆ. ಸುಣ್ಣದ ತಿಳಿಯಂತೂ ಸವಣೂರಿನ ಎಲೆಗೆ ನಾವು ಸವರುವ ಸುಣ್ಣವೇ, ನೀರಿನಲ್ಲಿ ಕದಡಿ ತಳಕ್ಕೆ ಬಿಟ್ಟದ್ದು. ಹವಳ ತನ್ನ ಎಲುಬನ್ನು ಕಟ್ಟುವುದು ಸುಣ್ಣದ ಅಂಶದಿಂದ.

ಸುಣ್ಣದ ಮಾತು ಬಂದಾಗ ನಮ್ಮ ದೇಶದ ಹವಳದ ಕಥೆಯನ್ನೂ ಹೇಳಬೇಕು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬಗಳನ್ನು ಕಿತ್ತು ಸುಣ್ಣಕ್ಕೂ ಸಿಮೆಂಟಿಗೂ ಸುಡುತ್ತಿದ್ದರು. ತಡೆಗೋಡೆ ಕಳೆದುಕೊಂಡು ಅಲ್ಲಿನ ಎರಡು ದ್ವೀಪಗಳು ನೀರಿನಡಿ ಸೇರಿದವು. 1986ರಲ್ಲಿ ಆ ಕೊಲ್ಲಿಯ ದ್ವೀಪಗಳು ಕಡಲ ರಾಷ್ಟ್ರೀಯ ಉದ್ಯಾನವಾದವು. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳ, ಕರಿಹವಳ, ಬೀಸಣಿಗೆಯಂಥ ಕಡಲಬೀಸಣಿಗೆ, ಕಡಲಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿ, ಆನೆಗೆ ಇರುವ ರಕ್ಷಣೆಯೇ ಅವಕ್ಕೂ. ನಮ್ಮ ಕಡಲಿನಿಂದ ಅವನ್ನು ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಹೊರದೇಶದ್ದೆಂದು ಹೇಳಿದರೂ, 2022ರ ತಿದ್ದುಪಡಿಯ ನಂತರ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಜೀವಿಗಳಿಗೆ ನೋಂದಣಿ ಬೇಕು. ಕಲ್ಲುಹವಳ ಆ ಪಟ್ಟಿಯಲ್ಲಿದೆ. ನಮ್ಮದೇ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಅದನ್ನು ನೋಡಲು ಜನ ನೀರಿಗೆ ಇಳಿಯುತ್ತಾರೆ, ಅದು ಅಲ್ಲೇ ಇರುವುದು ಒಳ್ಳೆಯದು.

ಕಡಲಿಲ್ಲದವರಿಗೆ ಕಡಲು ತೋರಿಸುವ ಆಸೆ ತಪ್ಪಲ್ಲ. ಮದ್ರಾಸಿನ ಮರೀನಾದಲ್ಲಿ 1909ರಲ್ಲಿ ತೆರೆದ ಅಕ್ವೇರಿಯಂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿತು. 1951ರಲ್ಲಿ ಮುಂಬಯಿಯ ಕಡಲ ದಂಡೆಯಲ್ಲಿ ತಾರಾಪೊರೆವಾಲಾ ಅಕ್ವೇರಿಯಂ ತೆರೆಯಿತು. ಧಾರವಾಡ ಜಿಲ್ಲೆ, ಅದರೊಳಗಿನ ನಮ್ಮ ಶಿಗ್ಗಾವಿ, ಆಗ ಮುಂಬಯಿ ರಾಜ್ಯದಲ್ಲೇ ಇದ್ದವು. ಕೆಲಸಕ್ಕೋ ಕಚೇರಿಗೋ ಮುಂಬಯಿಗೆ ಹೋದ ಈ ಸೀಮೆಯವರಿಗೆ ಅದು ತಮ್ಮ ರಾಜಧಾನಿಯ ಮೀನುಮನೆ. ಅಲ್ಲಿಯೂ ಗಾಜಿನ ಹಿಂದೆ ನೀರು ಹೊರುವ, ಪಾಚಿ ಉಜ್ಜುವ ಕೈಗಳು ನೋಡುವವರಿಗೆ ಕಾಣುತ್ತಿರಲಿಲ್ಲ.

ಇದನ್ನೆಲ್ಲ ಕೇಳಿದ ಅಣ್ಣನ ಮಗ ಕೊನೆಗೆ ಗಾಜು, ಸ್ಟ್ಯಾಂಡು, ಸಂಪು, ಪಂಪು ಮಾತ್ರ ಕೊಂಡ. ಮಾರುವವರ ಬಳಿ ಹವಳಕ್ಕೂ ಕಲ್ಲಿಗೂ ಕಾಗದಪತ್ರವಿರಲಿಲ್ಲ, ಅವು ಅಲ್ಲೇ ಉಳಿದವು. ಬದಲಿಗೆ ಜೇಡಿಮಣ್ಣು ಸುಟ್ಟು ಮಾಡಿದ ರಂಧ್ರಗಳ ಕಲ್ಲು ತರಿಸಿ, ತನ್ನ ಚಿಕ್ಕ ಟ್ಯಾಂಕಿನ ಮರಳನ್ನು ಹೆಪ್ಪಿನಂತೆ ಹಾಕುವುದೆಂದು ಗೊತ್ತಾಯಿತು. ಮೀನೂ ಹಾಗೆಯೇ. ಅವನ ಬಳಿಯಿರುವ ಪಟ್ಟೆಮೀನುಗಳನ್ನು ಕಡಲಿನಿಂದ ಹಿಡಿಯದೆ ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ಮಂಡಪಂನ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದವರು ಸಾಧಿಸಿದ್ದಾರೆ. ಹವಳವಿಲ್ಲದ ಟ್ಯಾಂಕನ್ನು ಹವಳದ ಟ್ಯಾಂಕು ಎನ್ನಬಹುದೇ ಎಂದು ಅವನು ಸಪ್ಪಗೆ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

ಆದರೆ ನಿಜವಾದ ಪ್ರಶ್ನೆ ಕೇಳಿದವರು ನನ್ನ ಅತ್ತಿಗೆ. ಪಡಸಾಲೆಯಲ್ಲಿ ಜಾಗ ಅಳೆಯುತ್ತಿದ್ದ ಮಗನನ್ನು ನೋಡಿ ಅವರು ಅಂದರು: "ನೀ ಇರಾವ ಬೆಂಗಳೂರಾಗ. ದಿನಾ ಇದಕ್ಕ ನೀರು ಹಾಕಾವ್ರು ಯಾರು?"

ತೆರೆದ ಟ್ಯಾಂಕಿನಿಂದ ನಮ್ಮ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಅಷ್ಟೇ ಸಿಹಿನೀರನ್ನು ದಿನವೂ ಹಾಕದಿದ್ದರೆ ಕಡಲು ಗಟ್ಟಿಯಾಗುತ್ತ ಹೋಗುತ್ತದೆ. ಬೋರಿನ ಗಡಸು ನೀರು ಆಗದು, ಶುದ್ಧೀಕರಿಸಿದ್ದೇ ಬೇಕು. ಮೂರು ದಿನಕ್ಕೆ ಒಂದು ಕೊಡ ಎಂದು ಲೆಕ್ಕ ಹಿಡಿಯಿರಿ. ನೀರಿನ ಕೊಡ ಈ ಸೀಮೆಯಲ್ಲಿ ಯಾರ ಸೊಂಟದ ಮೇಲೆ ಬಂದಿದೆ ಎಂಬುದನ್ನು ಹೇಳಬೇಕಾಗಿಲ್ಲ. ಕರೆಂಟ್ ಹೋದ ರಾತ್ರಿ ಎದ್ದು ಇನ್ವರ್ಟರ್ ನೋಡುವವರೂ ಮನೆಯಲ್ಲಿರುವವರೇ. ಲಂಡನ್ನಿನ ಕಿಟಕಿಯ ಮುಂದೆ ನೀರು ಸುರಿಯುತ್ತಿದ್ದ ಹುಡುಗಿಯ ನೆನಪಾಯಿತು. ಅವಳ ಹೆಸರು ಚರಿತ್ರೆಗೆ ಸಿಕ್ಕಿಲ್ಲ, ಸಿಕ್ಕಿರುವುದು ಅವಳಿಗೆ ಅದು ಆಟವಾಗಿತ್ತೆಂಬ ಮಾತು ಮಾತ್ರ.

ಆಮೇಲಿನ ಮಾತುಕತೆ ತಾಯಿ ಮಗನದು. ಮಟ್ಟ ಇಳಿದಾಗ ತಾನೇ ನೀರು ಬಿಡುವ ಚಿಕ್ಕ ಪಂಪನ್ನು ಅವನು ಜೋಡಿಸಿಕೊಡಬೇಕು, ತಿಂಗಳಿಗೆ ಎರಡು ಸಲ ಊರಿಗೆ ಬಂದು ಕೊಡ ತುಂಬಿಸುವುದು, ಗಾಜು ಉಜ್ಜುವುದು ಅವನದೇ ಪಾಲು. ಬಾರದಿದ್ದರೆ ಮೀನುಗಳನ್ನು ವಾಪಸು ಬೆಂಗಳೂರಿಗೆ ಒಯ್ಯುವುದು. ಟ್ಯಾಂಕು ಈಗ ಹಿತ್ತಲಿನಲ್ಲಿ, ನುಗ್ಗೆಗಿಡದ ಕೆಳಗೆ, ಸಿಹಿನೀರು ತುಂಬಿಕೊಂಡು ನಿಂತಿದೆ. ನಾಲ್ಕು ದಿನವಾಯಿತು, ಸೋರಿಲ್ಲ. ಸಂಜೆ ಅತ್ತಿಗೆ ಅದರ ಗಾಜಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಎಷ್ಟು ಇಳಿಯಿತು ಎಂದು ನೋಡುತ್ತಾರೆ.